ಬಸ್ಸು ಹಾರ್ನ್ ಹಾಕುವ ಮನೆ

ಬಾಡಿಗೆ ಮನೆ ಹುಡುಕಲು ಹೊರಟವರಿಗೆ ಮನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮೊದಲು ಸಿಗುತ್ತದೆ. ನಮಗೂ ಸಿಕ್ಕಿತು. ಸಿಕ್ಕಿದ್ದನ್ನು ಕಂಡು ಬೆರಗಾಗುವುದನ್ನು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ.

ಪುತ್ತೂರಿನಲ್ಲಿ ನಾವಿದ್ದ ಮನೆಯ ಮಾಲಕರು ಮಗನಿಗೆ ಮದುವೆ ನಿಶ್ಚಯವಾಯಿತು, ಮನೆ ಬಿಟ್ಟುಕೊಡಿ ಎಂದರು. ಅದೇ ವಾರ ನನ್ನ ಹೆಂಡತಿಗೆ ಕಡಬದ ಪ್ರೌಢಶಾಲೆಯೊಂದಕ್ಕೆ ವರ್ಗವಾಯಿತು. ನನ್ನ ಕಚೇರಿ ಪುತ್ತೂರಿನಲ್ಲಿ. ಅವಳ ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ತಾವೇ ಗೇಟಿನಲ್ಲಿ ನಿಂತು ತಡವಾದವರನ್ನು ನಗುನಗುತ್ತಾ ಸ್ವಾಗತಿಸುವವರು. ಆ ನಗುವಿಗೆ ಇಡೀ ತಾಲೂಕು ಹೆದರುತ್ತದಂತೆ.

ಇದಕ್ಕಿಂತ ದೊಡ್ಡ ವಿಷಯ, ನಮ್ಮ ಜೊತೆ ಇಬ್ಬರು ತಾಯಂದಿರು ಇದ್ದಾರೆ. ನನ್ನ ಅಮ್ಮನಿಗೆ ಫ್ಯಾನ್ ಐದರಲ್ಲಿ ತಿರುಗದಿದ್ದರೆ ನಿದ್ದೆ ಬಾರದು. ನನ್ನ ಅತ್ತೆಗೆ ನಿಂತ ಫ್ಯಾನ್ ನೋಡಿದರೂ ಶೀತ. ಹಾಗಾಗಿ ಮೂರು ಕೋಣೆ ಬೇಕೇ ಬೇಕು, ಬಾಡಿಗೆ ಈಗಿನಷ್ಟೇ ಇರಬೇಕು, ಹೆಂಡತಿ ಗಂಟೆಗೆ ಮುಂಚೆ ಶಾಲೆ ಸೇರಬೇಕು. ಇಲ್ಲದಿದ್ದರೆ ಅವಳು ಒಬ್ಬರನ್ನು ಕರೆದುಕೊಂಡು ಕಡಬದಲ್ಲಿ, ನಾನು ಇನ್ನೊಬ್ಬರೊಂದಿಗೆ ಪುತ್ತೂರಿನಲ್ಲಿ. ಯಾರು ಯಾರ ಪಾಲಿಗೆ ಎಂಬ ಚರ್ಚೆಯನ್ನು ಇಬ್ಬರೂ ಮುಂದೂಡುತ್ತಿದ್ದೆವು.

ಮನೆ ತೋರಿಸುವ ಬ್ರೋಕರ್ ನಮ್ಮ ಬೇಡಿಕೆಗಳನ್ನು ಕೇಳಿ ಕಣ್ಣು ಮುಚ್ಚಿಕೊಂಡ.

"ಮೂರೂ ಒಟ್ಟಿಗೆ ಸಿಕ್ಕುದಿಲ್ಲ ಮಾರಾಯ್ರೆ. ಎರಡು ನೀವು ಹಿಡ್ಕೊಳ್ಳಿ, ಮೂರನೆಯದು ದೇವರಿಗೆ ಬಿಡಿ."

ಎರಡು ಸ್ಕೂಟರಿನ ಊರು

ಮೊದಲು ತೋರಿಸಿದ ಮನೆಗೆ ನಾಲ್ಕು ಕೋಣೆ, ಬಾಡಿಗೆ ನಾವು ಹೇಳಿದ್ದಕ್ಕಿಂತಲೂ ಕಡಿಮೆ. "ಮುಖ್ಯ ರಸ್ತೆಗೆ ಹತ್ತಿರ" ಎಂದಿದ್ದ. ಹತ್ತಿರವೇ. ರಸ್ತೆಯಲ್ಲಿ ನಿಂತರೆ ಮನೆ ಕಾಣುತ್ತಿತ್ತು. ನಡುವೆ ಒಂದು ಹೊಳೆ, ಹೊಳೆಯ ಮೇಲೆ ಒಂದು ತೂಗುಸೇತುವೆ. ಜನ ನಡೆದು ದಾಟುವಷ್ಟು ಅಗಲ.

"ನಾಳೆ ಸ್ಕೂಟರ್ ಕೊಂಡರೆ ಹೇಗೆ ದಾಟುವುದು?" ಎಂದು ಕೇಳಿದೆ.

"ಸ್ಕೂಟರ್ ಎಂತಕ್ಕೆ ದಾಟುದು? ಅದನ್ನು ರಸ್ತೆ ಬದಿಯಲ್ಲೇ ಇಡುದು."

"ಆಚೆ ದಡದಿಂದ ಮನೆಗೆ?"

"ಅಲ್ಲಿಗೆ ಇನ್ನೊಂದು ಸ್ಕೂಟರ್."

ನಾನು ತಮಾಷೆ ಅಂದುಕೊಂಡೆ. ದಾಟಿ ನೋಡಿದರೆ ಆಚೆ ದಡದಲ್ಲಿ ಶೀಟು ಹಾಕಿದ ಚಪ್ಪರದ ಕೆಳಗೆ ಸ್ಕೂಟರುಗಳು ಸಾಲಾಗಿ ನಿಂತಿವೆ. ಈಚೆ ಮರದಡಿಯಲ್ಲಿ ಇನ್ನೊಂದು ಸಾಲು. ಒಂದು ದಡದವು ಇನ್ನೊಂದು ದಡವನ್ನು ಜನ್ಮದಲ್ಲಿ ಕಂಡವಲ್ಲ. ಸೇತುವೆಯನ್ನು ಅಗಲ ಮಾಡಿಸಲು ಅರ್ಜಿ ಹಿಡಿದು ತಿರುಗುವ ಬದಲು ಸ್ಕೂಟರನ್ನೇ ಇಮ್ಮಡಿ ಮಾಡಿಕೊಂಡ ಜನರಿಗೆ ನಾನು ತಲೆಬಾಗಿದೆ.

"ಆಚೆಯ ಸ್ಕೂಟರಿಗೆ ಪೆಟ್ರೋಲ್?" ಎಂದಳು ಹೆಂಡತಿ.

"ಬಾಟ್ಲಿಯಲ್ಲಿ ತರುದು ಟೀಚರ್. ಬಾಡಿಗೆ ಕಡಿಮೆ ಎಂತಕ್ಕೆ ಅಂತ ನೀವು ಮೊದಲೇ ಕೇಳ್ಬೇಕಿತ್ತು."

ಹೊದ್ದುಕೊಳ್ಳಲಾಗದವರಿಗೆ ಆದ್ಯತೆ

ಎರಡನೆಯದು ಸುಳ್ಯ ತಾಲೂಕಿನಲ್ಲಿ, ಕಡಬಕ್ಕೆ ತಾಗಿದ ಊರು. ಹೊಸ ತಾರಸಿ ಮನೆ, ಮೂರು ಕೋಣೆ, ಶಾಲೆಗೆ ನೇರ ರಸ್ತೆ. ಮಾಲಕರಾದ ಗೌಡರು ಪಕ್ಕದ ಮನೆಯಲ್ಲೇ ಇರುವವರು. ಸಂಭಾವಿತರು. ಎರಡು ಕೋಣೆ ತೋರಿಸಿ ಮೂರನೆಯದರ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಇದರಲ್ಲಿ ಅಡಿಕೆ ಉಂಟು. ರೇಟು ಬರುವವರೆಗೆ ಮಾತ್ರ."

"ರೇಟು ಯಾವಾಗ ಬರಬಹುದು?"

"ಬಂದಿದೆ."

"ಹಾಗಾದರೆ ಮಾರಬಹುದಲ್ಲ?"

"ಬಂದದ್ದಲ್ವಾ, ಇನ್ನೂ ಬರ್ತದೆ."

ಈ ತರ್ಕಕ್ಕೆ ಕೊನೆ ಎಲ್ಲಿ ಎಂದು ಯೋಚಿಸುತ್ತಾ, ಅಡಿಕೆಯನ್ನು ಅವರ ಮನೆಯ ಜಗಲಿಗೆ ಸಾಗಿಸಬಹುದೇ ಎಂದು ಕೇಳಿದೆ. ಗೌಡರಿಗೆ ನನ್ನ ಅಜ್ಞಾನ ಕಂಡು ಮರುಕವಾಯಿತು. "ಅದಕ್ಕೆ ತಂಡಿ ಆಗ್ಬಾರದು. ಮನೆಯಲ್ಲಿ ಬೆಚ್ಚಗಿನ ಕೋಣೆ ಅಂತ ಇದೊಂದೇ."

"ನನ್ನ ಅತ್ತೆಗೂ ತಂಡಿ ಆಗಬಾರದು" ಎಂದೆ.

ಗೌಡರು ಎರಡೂ ಕಡೆಯನ್ನು ನ್ಯಾಯವಾಗಿ ತೂಗಿ ನೋಡಿದರು.

"ಅವರಿಗೆ ಕಂಬಳಿ ಹೊದ್ಕೊಳ್ಳಿಕ್ಕೆ ಆಗ್ತದಲ್ಲ. ಅಡಿಕೆ ಹೊದ್ಕೊಳ್ತದಾ?"

ವಾಪಸು ಬರುವಾಗ ಹೆಂಡತಿ ಬಸ್ಸಿನಲ್ಲಿ ನನ್ನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತಳು. ಅತ್ತೆ ಅವಳ ತಾಯಿ.

ಮನೆಯನ್ನು ನೋಡದೆ ಬಂದದ್ದು

ಹುಡುಕಾಟ ಮುಂದುವರಿದಂತೆ ದಿಕ್ಕಿನ ಹಂಗು ತಪ್ಪಿತು. ಶಾಲೆಯಿಂದ ದೂರ ಸರಿಯುತ್ತಾ ಸರಿಯುತ್ತಾ ಒಂದು ಭಾನುವಾರ ನಾವು ಈಶ್ವರಮಂಗಲಕ್ಕೆ ತಲುಪಿದ್ದೆವು. ಇನ್ನು ಸ್ವಲ್ಪ ಹುಡುಕಿದ್ದರೆ ಕೇರಳ.

ಮನೆಯೊಡತಿ ಬೆಲ್ಲ, ನೀರು ತಂದಿಟ್ಟು "ನಿಮ್ಮ ಮೂಲಮನೆ ಎಲ್ಲಿ ಆಯ್ತು?" ಎಂದರು. ಅಲ್ಲಿಗೆ ನಮ್ಮ ಕಥೆ ಮುಗಿಯಿತು. ನನ್ನ ಅಮ್ಮನ ತವರಿನಿಂದ ಹೊರಟ ಅವರು ಯಾವುದೋ ಚಿಕ್ಕಮ್ಮನ ಮನೆ ಹೊಕ್ಕು, ಇನ್ಯಾರದೋ ಮದುವೆಯಲ್ಲಿ ಹೊರಬಿದ್ದು, ಕಾಫಿ ಆರುವ ಮೊದಲೇ ನನಗೆ ಸೋದರತ್ತೆಯಾಗಿಬಿಟ್ಟರು. ಊಟ ಮಾಡಿಸಿದರು. ಹಲಸಿನ ಹಪ್ಪಳ ಕಟ್ಟಿಕೊಟ್ಟರು.

ಹೊರಡುವಾಗ ನಾನು ಗಂಟಲು ಸರಿಮಾಡಿಕೊಂಡು, "ಬಾಡಿಗೆಯ ವಿಷಯ..." ಎಂದೆ.

ಅವರ ಮುಖ ಸಣ್ಣದಾಯಿತು. "ಎಂತ ಮಾತು ಹೇಳ್ತೀಯಾ ಮಗಾ! ನಿನ್ನ ಹತ್ರ ನಾನು ಬಾಡಿಗೆ ತೆಗೊಳ್ಳುದಾ? ಬಂದು ಇರಿ, ಎಷ್ಟು ವರ್ಷ ಬೇಕಾದ್ರೂ."

ಬಾಡಿಗೆ ಕೊಡುವ ಮನೆಯಲ್ಲಾದರೆ ನಲ್ಲಿ ಸೋರುತ್ತದೆ ಎನ್ನಬಹುದು. ಪುಕ್ಕಟೆ ಮನೆಯಲ್ಲಿ ಒಂದು ಮೊಳೆ ಹೊಡೆಯಲು ಯಾರಿಗೆ ಧೈರ್ಯ ಬಂದೀತು? ಇಷ್ಟು ಅಗ್ಗವಾದ ಮನೆ ನಮ್ಮ ಬಜೆಟ್ಟಿಗೆ ಮೀರಿದ್ದೆಂದು ಇಬ್ಬರಿಗೂ ಹೊಳೆಯಿತು.

ಅಮ್ಮ ರಾತ್ರಿ, "ಮನೆ ಹೇಗಿತ್ತು?" ಎಂದಳು. ಹಪ್ಪಳ ಚೆನ್ನಾಗಿದೆ ಎಂದೆ. ಮನೆ ನೋಡುವುದೇ ಮರೆತುಹೋಗಿತ್ತು.

ಮೂರನೆಯದು

ಕೊನೆಗೆ ರಾಮಕುಂಜದ ಕಡೆ ರಸ್ತೆ ಬದಿಯಲ್ಲೇ ಒಂದು ಮನೆ ಸಿಕ್ಕಿತು. ಮೂರು ಕೋಣೆ, ಬಾಡಿಗೆ ಕೈಗೆಟುಕುವಷ್ಟು. ಒಂದೇ ಕೊರತೆ, ಬಸ್ ಸ್ಟಾಪ್ ಬಹಳ ಮುಂದೆ. ಬೆಳಿಗ್ಗೆ ಶಾಲೆಗೆ ಸರಿಹೊಂದುವುದು ಸುಬ್ರಹ್ಮಣ್ಯಕ್ಕೆ ಹೋಗುವ ಒಂದೇ ಬಸ್ಸು. ಅದು ತಪ್ಪಿದರೆ ಮುಖ್ಯೋಪಾಧ್ಯಾಯರ ನಗು.

"ಸ್ಟಾಪ್ ಎಂತಕ್ಕೆ?" ಎಂದರು ಮನೆಯ ಮಾಲಕರು. "ಮೊದಲು ಇದ್ದವರೂ ನಿಮ್ಮ ಶಾಲೆಯ ಟೀಚರೇ. ಬಸ್ಸು ಮನೆ ಎದುರು ನಿಂತು ಹಾರ್ನ್ ಹಾಕ್ತದೆ. ಡ್ರೈವರ್ ಅದೇ ಶಾಲೆಯಲ್ಲಿ ಕಲಿತವ."

ನಂಬದೆಯೇ ಮನೆ ಹಿಡಿದೆವು. ಬೇರೆ ದಾರಿ ಇರಲಿಲ್ಲ.

ಮೊದಲ ದಿನವೇ ಬಸ್ಸು ಬಂತು, ನಿಂತಿತು, ಹಾರ್ನ್ ಹಾಕಿತು. ಹೆಂಡತಿ ಇನ್ನೂ ತಿಂಡಿಗೆ ಕೂತಿದ್ದಳು. ಅತ್ತೆ ಕಿಟಕಿಯಿಂದಲೇ, "ಅರ್ಧ ದೋಸೆ ಉಂಟು ಮಗಾ, ಬಂದಳು!" ಎಂದು ಕೂಗಿದರು. ಡ್ರೈವರ್ ಇಂಜಿನ್ ಆಫ್ ಮಾಡಿದ. ಬಸ್ಸಿನಲ್ಲಿ ಒಬ್ಬರೂ ಗೊಣಗಲಿಲ್ಲ. "ಅವಸರ ಇಲ್ಲ, ನೀರು ಕುಡೀಲಿ" ಎಂದಿತು ಯಾವುದೋ ಸೀಟು. ಕಾದ ಸಮಯವನ್ನು ಡ್ರೈವರ್ ಮುಂದಿನ ತಿರುವುಗಳಲ್ಲಿ ವಸೂಲು ಮಾಡಿಕೊಂಡ. ಅವಳು ಗಂಟೆಗೆ ಮುಂಚೆಯೇ ಶಾಲೆಯಲ್ಲಿದ್ದಳು. ನನ್ನ ಪುತ್ತೂರು ಬಸ್ಸು ಮಾತ್ರ ನನ್ನನ್ನು ನೋಡಿಯೂ ನಿಲ್ಲುವುದಿಲ್ಲ. ಅದರ ಡ್ರೈವರ್ ಎಲ್ಲಿ ಕಲಿತವನೋ.

ಒಂದು ದಿನ ನಾನು ಕಚೇರಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಬಸ್ಸಿನ ತುಂಬ ಘಟ್ಟದ ಮೇಲಿನ ಯಾತ್ರಿಕರು. ನಮ್ಮ ಕಡೆಯ ಬಸ್ಸುಗಳಿಗೆ ದಾರಿಯಲ್ಲಿ ಸಿಗುವ ದೈವಸ್ಥಾನದ ಎದುರು ನಿಂತು ಹಾರ್ನ್ ಹಾಕಿ, ಕಾಣಿಕೆ ಡಬ್ಬಿಗೆ ನಾಣ್ಯ ಹಾಕಿ ಹೋಗುವ ರೂಢಿ ಉಂಟು. ಯಾತ್ರಿಕರು ಅದನ್ನು ಸ್ವಲ್ಪ ಹಿಂದೆ ನೋಡಿಕೊಂಡೇ ಬಂದಿದ್ದರು. ಈಗ ಬಸ್ಸು ನಮ್ಮ ಮನೆ ಎದುರು ಪುನಃ ನಿಂತಿತು, ಹಾರ್ನ್ ಹಾಕಿತು, ಊರವರೆಲ್ಲ ಸುಮ್ಮನೆ ಕೂತರು. ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಇಳಿದು, ಗೇಟಿಗೆ ಕಟ್ಟಿದ್ದ ಅಂಚೆ ಡಬ್ಬಿಗೆ ನಾಣ್ಯ ಹಾಕಿ ಕೈ ಮುಗಿದರು. ಅವರ ಹಿಂದೆ ಉಳಿದವರು.

ಮನೆ ಬಾಗಿಲಿಗೆ ಇಷ್ಟು ಜನ ಬಂದು ಕೈಮುಗಿದು ನಿಂತದ್ದು ಕಂಡು ನನ್ನ ಅಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಜಗಲಿಯಲ್ಲಿ ತೂಗುಹಾಕಿದ್ದ ಕದಳಿ ಬಾಳೆಗೊನೆಯಿಂದ ಒಬ್ಬೊಬ್ಬರಿಗೆ ಒಂದೊಂದು ಹಣ್ಣು ಕೊಟ್ಟಳು. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ನನ್ನ ಹೆಂಡತಿ ಛತ್ರಿ ಹಿಡಿದು ಹೊರಬಂದಳು. ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಆ ದಿನ ಅವಳಿಗೆ ಸೀಟೂ ಸಿಕ್ಕಿತು.

ಅಂದಿನಿಂದ ವಾರಕ್ಕೊಮ್ಮೆಯಾದರೂ ಡಬ್ಬಿ ಸದ್ದು ಮಾಡುತ್ತದೆ. ಸುದ್ದಿ ಮಾಲಕರ ಕಿವಿಗೆ ಬಿದ್ದಿತು. ಅವರು ಸಂಜೆ ಬಂದು ಜಗಲಿಯಲ್ಲಿ ಕೂತಾಗ ನಮ್ಮ ಜೀವ ಹಾರಿತು. ಬಾಡಿಗೆ ಏರಿದರೆ ಮತ್ತೆ ಬ್ರೋಕರ್, ಮತ್ತೆ ತೂಗುಸೇತುವೆ, ಮತ್ತೆ ತಾಯಂದಿರ ಹಂಚಿಕೆ. ಅಮ್ಮ ಕೊಟ್ಟ ಕಾಫಿಯನ್ನು ಅವರು ನಿಧಾನವಾಗಿ ಕುಡಿದು ಮುಗಿಸಿದರು.

"ಹೆದ್ರಬೇಡಿ" ಎಂದರು. "ಬಾಡಿಗೆ ಜಾಸ್ತಿ ಮಾಡುದಿಲ್ಲ. ನೀವು ಎಷ್ಟು ವರ್ಷ ಬೇಕಾದ್ರೂ ಇರಿ. ಗೇಟಿನ ಡಬ್ಬಿ ಮಾತ್ರ ನನ್ನದು."