ಕೊನೆಯ ಹಾಡಿನ ಕೊನೆ

ಇಡೀ ರಂಪಕ್ಕೆ ಕಾರಣ ಒಂದು ವಾಷಿಂಗ್ ಮೆಷಿನ್. ತಮಾಷೆಯೆಂದರೆ ಅದಿನ್ನೂ ಮನೆಗೇ ಬಂದಿರಲಿಲ್ಲ.

ಅದು ಬರಬೇಕಾದರೆ ಬಚ್ಚಲಿನ ಪಕ್ಕದ ಮೂಲೆ ಖಾಲಿಯಾಗಬೇಕು. ಮೂಲೆಯ ಸಾಮಾನೆಲ್ಲ ಅಟ್ಟ ಹತ್ತಬೇಕು. ಅಟ್ಟದಲ್ಲಿ ಜಾಗ ಆಗಬೇಕಾದರೆ ಕಿವಿ ಮೇಷ್ಟ್ರ ರಟ್ಟಿನ ಪೆಟ್ಟಿಗೆ ಮನೆ ಬಿಡಬೇಕು.

"ನಾಳೆ ಸಂಜೆ ನಾನು ವಾಪಸ್ ಬರೋಷ್ಟರಲ್ಲಿ ಆ ಪೆಟ್ಟಿಗೆ ಈ ಮನೇಲಿ ಇರಬಾರದು," ಎಂದು ಹೆಂಡತಿ ಬೆಳಿಗ್ಗೆ ಏಳೂವರೆಗೆ ತೀರ್ಪು ಕೊಟ್ಟಳು. "ಯಾರಿಗಾದ್ರೂ ಕೊಡಿ, ಎಲ್ಲಾದ್ರೂ ಎಸೀರಿ. ನನಗೆ ಕತೆ ಹೇಳಬೇಡಿ." ಅಕ್ಕನಿಂದ ಎರವಲು ತಂದಿದ್ದ ದೊಡ್ಡ ಸೂಟ್‌ಕೇಸನ್ನು ಹಿಂದಿರುಗಿಸಲು ಅವಳು ಅಕ್ಕನ ಮನೆಗೆ ಹೊರಟಿದ್ದಳು. ಖಾಲಿ ಸೂಟ್‌ಕೇಸು ಮೂರು ಮಹಡಿಯ ಒಂದೊಂದು ಮೆಟ್ಟಿಲಿಗೂ ತಲೆ ಚಚ್ಚಿಕೊಳ್ಳುತ್ತ ಇಳಿದ ಸದ್ದಿಗೆ ಕಟ್ಟಡದ ಪ್ರತಿ ಬಾಗಿಲೂ ನಾಲ್ಕು ಬೆರಳಗಲ ತೆರೆದು ಮುಚ್ಚಿಕೊಂಡಿತು.

ಕಿವಿ ಮೇಷ್ಟ್ರು ನಿಜವಾದ ಮೇಷ್ಟ್ರಲ್ಲ. ಕಿವಿ ಮಂದವಾದವರಿಗೆ ಯಂತ್ರ ಕೂರಿಸುವ ಅಂಗಡಿಯಲ್ಲಿ ಅವರಿಗೆ ಕೆಲಸ. ತುಟಿ ಕಾಣದ ಹಾಗೆ ಒಂದು ರಟ್ಟನ್ನು ಬಾಯಿಗೆ ಅಡ್ಡ ಹಿಡಿದು "ಬಸ್ಸು... ಬೀಗ... ಹಾಲು... ಹಗ್ಗ" ಎಂದು ಒಂದೊಂದೇ ಪದ ಹೇಳಬೇಕು, ಎದುರಿಗೆ ಕೂತವರು ಅದನ್ನೇ ತಿರುಗಿ ಹೇಳಬೇಕು. ಹದಿನಾಲ್ಕು ವರ್ಷಗಳಲ್ಲಿ ಅವರು "ಬಸ್ಸು" ಎಂದದ್ದಕ್ಕೆಲ್ಲ ಒಂದೊಂದು ಬಸ್ಸು ನಿಜವಾಗಿ ಬಂದಿದ್ದರೆ ಭೂಮಿಯ ಮೇಲೆ ಯಾರೂ ನಡೆಯಬೇಕಾಗಿರಲಿಲ್ಲ. ಅವರ ದನಿಯಲ್ಲಿ ಒಂದು ವಿಶೇಷವಿತ್ತು: ಪ್ರತಿ ಪದದ ಬಾಲಕ್ಕೆ ಬರುವಾಗ ಹಳೆಯ ಕಪ್ಪಿನ ಹಾಗೆ ಸಣ್ಣಗೆ ಸೀಳು ಬಿಡುತ್ತಿತ್ತು.

ಹೆಂಡತಿ ಹೋದ ಮೇಲೆ ಅವರು ಅಂಗಡಿಗೆ ರಜೆ ಹೇಳಿ, ಕಿಟಕಿ ಮುಚ್ಚಿ, ಪೆಟ್ಟಿಗೆ ಇಳಿಸಿದರು. ಒಳಗೆ ಇಪ್ಪತ್ತಮೂರು ಗ್ರಂಜ್ ರೆಕಾರ್ಡುಗಳು. ಗ್ರಂಜ್ ಎಂದರೆ, ಕೇಳದ ಪುಣ್ಯವಂತರಿಗೆ ಹೇಳುವುದಾದರೆ, ತಲೆ ಬಾಚದ ಹುಡುಗರು ಯಾರದೋ ಹರಿದ ಸ್ವೆಟರು ತೊಟ್ಟು, ಗಿಟಾರಿನ ಕತ್ತು ಹಿಸುಕಿ, ತಮಗೆ ಈ ಲೋಕದಲ್ಲಿ ಏನೂ ಬೇಡ ಎಂಬುದನ್ನು ಅರ್ಧ ಊರಿಗೆ ಕೇಳುವಂತೆ ತಿಳಿಸುವ ಸಂಗೀತ. ಇಪ್ಪತ್ತೆರಡು ರೆಕಾರ್ಡು ಹೊರಗಿನವರವು. ಇಪ್ಪತ್ತಮೂರನೆಯದು ಮೇಷ್ಟ್ರದೇ.

ಹೌದು, ಮೇಷ್ಟ್ರು ಹಾಡುತ್ತಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಮೂವರು ಹುಡುಗರು ಸೇರಿ, ಹಳೇ ಟೈರಿಗೆ ಹೊಸ ರಬ್ಬರು ಹಚ್ಚುವ ಶೆಡ್ಡೊಂದರಲ್ಲಿ, ಒಂದೇ ಸಂಜೆ ಆರು ಹಾಡು ತುಂಬಿಸಿದ್ದರು. ಆ ಕೂಗಿಗೆ ಶೆಡ್ಡಿನ ತಗಡು ಒಂದು ಗೇಣು ಮೇಲೆದ್ದಿತ್ತು, ಎರಡು ಫರ್ಲಾಂಗು ದೂರದ ಕಾಗೆಗಳು ಗೂಡು ಬದಲಾಯಿಸಿದ್ದವು. ಕೊನೆಯ ಹಾಡು ತಪ್ಪಿಹೋದ ಕೊನೆಯ ಬಸ್ಸಿನ ಮೇಲೆ ಬರೆದದ್ದು; ಸಾಹಿತ್ಯವೆಂದರೆ "ಹೋಗಬೇಡ" ಎಂಬ ಒಂದೇ ಮಾತು, ನಲವತ್ತು ಸಲ. ಅದೇ ಸಂಜೆ ಗುಂಪು ಒಡೆಯಿತು. ಡ್ರಮ್ಮಿನವನಿಗೆ ಲಾರಿ ತೂಕದ ಕಟ್ಟೆಯಲ್ಲಿ ಗುಮಾಸ್ತಿಕೆ ಸಿಕ್ಕಿತ್ತು, ಗಿಟಾರಿನವನು ಅಣ್ಣನ ಊರಿಗೆ ಹೊರಟಿದ್ದ. ರೆಕಾರ್ಡು ಅಚ್ಚಾಗಿ ಬರುವ ಹೊತ್ತಿಗೆ ಅದನ್ನು ಜೊತೆಗೆ ಕೂತು ಕೇಳುವವರೇ ಇರಲಿಲ್ಲ. ಮೇಷ್ಟ್ರು ಒಂದು ಮಗ್ಗುಲು ಕೇಳಿ ಎತ್ತಿಟ್ಟರು. ಮದುವೆಗೆ ಮುಂಚೆ ಹುಡುಗಿ "ನೀವು ಹಾಡ್ತೀರಾ?" ಎಂದಾಗ "ಇಲ್ಲಪ್ಪ" ಎಂದಿದ್ದರು. ಆ "ಇಲ್ಲಪ್ಪ" ಇಪ್ಪತ್ತೊಂದು ವರ್ಷದಿಂದ ಹಾಗೇ ನಿಂತಿತ್ತು.

ಕೊನೆಯ ಹಾಡು ಹೇಗೆ ಮುಗಿಯಿತು ಎಂಬುದು ಮಾತ್ರ ಅವರಿಗೆ ನೆನಪಿಗೆ ಬರುತ್ತಿರಲಿಲ್ಲ. ಭಯಂಕರವಾದ ಗರ್ಜನೆಯೊಂದಿಗೆ ಮುಗಿದಿರಬೇಕು ಎಂದು ಅಂದಾಜು. ಪೆಟ್ಟಿಗೆ ಹೋಗುವ ಮುಂಚೆ ಅದೊಂದನ್ನು ಕೇಳಿಬಿಡಬೇಕು. ಆ ದಿನ ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಹೊರಗೆ ಆಕಾಶ ಪಾತ್ರೆ ಒರೆಸುವ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಒಂದಾದ ಮೇಲೊಂದು ರೆಕಾರ್ಡು ಪ್ಲೇಯರಿನ ಮೇಲೆ ತಿರುಗಿತು. ಎರಡನೆಯದು ಮುಗಿಯುವಾಗ ಕಿಟಕಿಯ ಕುಂಡದ ಗಿಡ ತಲೆ ತಗ್ಗಿಸಿತು, ನಾಲ್ಕನೆಯದಕ್ಕೆ ಗೋಡೆಯ ಹಲ್ಲಿ ಬದುಕಿನ ಮೇಲೆ ಆಸೆ ಬಿಟ್ಟು ಕೆಳಗೆ ಬಿತ್ತು. ಮೇಷ್ಟ್ರು ನೆಲದ ಮೇಲೆ ಕೂತು ಯೋಚಿಸಿದರು: ಈ ಹುಡುಗರು ತಮಗೇನೂ ಬೇಡ ಎಂದು ಎದೆ ಬಿರಿಯುವಂತೆ ಕಿರುಚಿದ್ದರು. ನನಗೆ ಕಿರುಚದೆಯೇ ಏನೂ ಸಿಗಲಿಲ್ಲ.

ಹನ್ನೊಂದಕ್ಕೆ ತಮ್ಮ ರೆಕಾರ್ಡಿನ ಎರಡನೇ ಮಗ್ಗುಲು ಹಾಕಿದರು. ಇಪ್ಪತ್ತೆರಡರ ಹುಡುಗನೊಬ್ಬ ಕಿವಿಯೊಳಗೆ ಬಂದು ನಿಂತ. ಒಂದು ಹಾಡಾಯಿತು, ಎರಡಾಯಿತು. ಕೊನೆಯದು ಶುರುವಾಗಿ ಮೊದಲನೇ "ಹೋಗಬೇಡ" ಬಂದದ್ದೇ ತಡ, ಫೋನು.

ಹೆಂಡತಿ! ಮೇಷ್ಟ್ರು ಫೋನು ಹಿಡಿದು ಹಿಂದಿನ ಬಾಲ್ಕನಿಗೆ ಓಡಿ ಬಾಗಿಲು ಎಳೆದುಕೊಂಡರು.

"ಏನ್ರೀ ಅದು ಸದ್ದು?"

"ನೀರಿನ ಪಂಪು ಕಣೇ."

"ಪಂಪು ಹೀಗೆ ಅರಚುತ್ತಾ? ದನಿ ಯಾಕೆ ಹಾಗಿದೆ ನಿಮ್ದು? ಪೆಟ್ಟಿಗೆ ಏನಾಯ್ತು? ಮತ್ತೆ ಆ ಮೂಲೆ ಅಳತೆ ತಗೊಂಡ್ರಾ? ಅಕ್ಕ ಹೇಳ್ತಾಳೆ, ಹಿಂದೆ ನಾಲ್ಕು ಇಂಚು ಬಿಡಬೇಕಂತೆ..."

ನಾಲ್ಕು ಇಂಚಿನ ಮೇಲೆ ಹತ್ತು ನಿಮಿಷ ಮಾತಾಯಿತು. ಮೇಷ್ಟ್ರು ಒಳಗೆ ಬಂದಾಗ ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಚಿಟ್, ಚಿಟ್ ಎನ್ನುತ್ತಿತ್ತು.

ಅವರು ಕೇಳಲಿಲ್ಲ ನಿಜ. ಕೆಳಮನೆಯ ಅಜ್ಜಿ ಕೇಳಿದರು. ಹನ್ನೆರಡು ವರ್ಷದಿಂದ ಸಿಡಿಲೂ ಕೇಳದಿದ್ದ ಅವರಿಗೆ ಹಿಂದಿನ ದಿನವಷ್ಟೇ ಹೊಸ ಯಂತ್ರ ಕೂರಿಸಿದವರು ಇದೇ ಮೇಷ್ಟ್ರು. ಮನೆಯ ಹತ್ತಿರದವರಲ್ಲವೇ ಎಂದು ಒಂದು ಸುತ್ತು ಹೆಚ್ಚೇ ತಿರುಗಿಸಿದ್ದರು. ಅಂದಿನಿಂದ ಅಜ್ಜಿಗೆ ಇರುವೆ ನಡೆದರೆ ಹೆಜ್ಜೆ ಸಪ್ಪಳ, ಹಾಲು ಹೆಪ್ಪುಗಟ್ಟಿದರೆ ಗದ್ದಲ. ಅಂಥ ಕಿವಿಯ ನೆತ್ತಿಯ ಮೇಲೆ ಈ ಹಾಡು ಬಿದ್ದಿತ್ತು.

ಮೇಷ್ಟ್ರು ಮುಳ್ಳನ್ನು ಮತ್ತೆ ಕೊನೆಯ ಹಾಡಿಗೆ ತಂದರು. ಕರೆಗಂಟೆ ಬಡಿದುಕೊಂಡಿತು. ಮುಳ್ಳು ಎತ್ತಿಟ್ಟು ಬಾಗಿಲು ತೆಗೆದರೆ ಅಜ್ಜಿ, ಕಟ್ಟಡದ ಸಂಘದ ಸೆಕ್ರೆಟರಿಯೂ ಆದ ಅವರ ಮಗ, ಎದುರುಮನೆಯ ನಿವೃತ್ತ ನರ್ಸಮ್ಮ. ಮೂವರ ಮುಖವೂ ಆಸ್ಪತ್ರೆಗೆ ರೋಗಿ ನೋಡಲು ಬಂದವರ ಹಾಗೆ ಇಳಿದಿತ್ತು.

"ಮಗಾ, ಬಾಯಿ ಬಿಟ್ಟು ಅತ್ತೆಯಲ್ಲಾ, ಒಳ್ಳೇದಾಯ್ತು ಬಿಡು," ಎಂದರು ಅಜ್ಜಿ.

"ಯಾರು, ನಾನಾ? ಇಲ್ಲಮ್ಮ, ಅದು ರೆಕಾರ್ಡು. ಹಾಡು."

"ಹಾಡಾ? ನನಗೆ ಹೇಳ್ತೀಯಾ? 'ಹೋಗಬೇಡ, ಹೋಗಬೇಡ' ಅಂತ ಕೂಗಿ ಕೂಗಿ, ಆಮೇಲೆ ಬಿಕ್ಕಿದ್ದು ನಾನು ಕೇಳಲಿಲ್ವಾ? ನಿನ್ನ ದನಿ ನನಗೆ ಗೊತ್ತಿಲ್ವಾ? ನಿನ್ನೆ ಇಡೀ ದಿನ ಕೇಳಿಸ್ಕೊಂಡಿದೀನಿ. ಬಸ್ಸು, ಬೀಗ, ಹಾಲು, ಹಗ್ಗ! ಅದೇ ಒಡಕು ದನಿ."

"ಬೆಳಿಗ್ಗೆ ಸೂಟ್‌ಕೇಸು ಹೋಗಿದ್ದು ನಾವೂ ನೋಡಿದ್ವಿ, ಮೇಷ್ಟ್ರೇ," ಎಂದ ಸೆಕ್ರೆಟರಿ ದನಿ ತಗ್ಗಿಸಿ. "ಸಂಘ ನಿಮ್ಮ ಜೊತೆಗಿದೆ."

ನರ್ಸಮ್ಮ ಆಗಲೇ ಮೇಷ್ಟ್ರ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದ್ದರು.

ಮೇಷ್ಟ್ರು ಕೈ ಬಿಡಿಸಿಕೊಂಡರು. ಇಪ್ಪತ್ತೊಂದು ವರ್ಷದ ಗುಟ್ಟನ್ನು ಹೊಸಿಲ ಮೇಲೆ ನಿಂತು ಉಗುಳಬೇಕಾಯಿತು. "ದನಿ ನಂದೇ. ಆದರೆ ಅತ್ತಿದ್ದಲ್ಲ. ನಾನೇ ಹಾಡಿದ್ದು. ಆ ರೆಕಾರ್ಡಿನಲ್ಲಿ ಇರೋನು ನಾನೇ."

ಮೂವರೂ ಮುಖ ಮುಖ ನೋಡಿಕೊಂಡರು. ನರ್ಸಮ್ಮ ಹಣೆ ಮುಟ್ಟಿ, "ಜ್ವರ ಇಲ್ಲ. ಇದು ಮನಸ್ಸಿನದು," ಎಂದರು. ರೆಕಾರ್ಡಿನ ಹೊದಿಕೆ ನೋಡಿದರೆ ಮೂರು ಹುಡುಗರು, ಮುಖ ಇರಬೇಕಾದ ಕಡೆಯೆಲ್ಲ ಕೂದಲು. ಮೇಷ್ಟ್ರ ತಲೆಯಲ್ಲೋ ಎಣಿಸಿದರೆ ಒಂದು ಕೈಯ ಬೆರಳಿಗೇ ಮುಗಿಯುವಷ್ಟು.

"ಇದರಲ್ಲಿ ನೀವು ಯಾರು?"

"ಮಧ್ಯದ್ದು."

"ಅದು ಸ್ಟೂಲು, ಮೇಷ್ಟ್ರೇ."

"ಬೇಕಿದ್ರೆ ಹಾಕಿ ಕೇಳಿಸ್ತೀನಿ, ಬನ್ನಿ!"

"ಸುತರಾಂ ಬೇಡ!" ನರ್ಸಮ್ಮ ನುಗ್ಗಿ ಹೋಗಿ ಪ್ಲೇಯರನ್ನು ಎತ್ತಿ ಎಳೆಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತರು. "ಇಂಥ ಕೆಟ್ಟ ಮುಖದ ರೆಕಾರ್ಡು ಮನೇಲಿಟ್ಕೊಂಡು ಕತ್ತಲೇಲಿ ಕೂತ್ರೆ ಅಳು ಬರದೆ ನಗು ಬರುತ್ತಾ? ಹಾಡಿದ್ದು ನೀವೇ ಅಂತೀರಲ್ಲ, ಹಾಗೇ ಬಾಯಲ್ಲಿ ಹಾಡಿ ನೋಡೋಣ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಇಪ್ಪತ್ತಾರು ವರ್ಷದ ತುಕ್ಕು ಕೆರೆದು "ಹೋಗಬೇ...ಡಾ" ಎಂದರು. ಆರನೆಯ ಸಲಕ್ಕೆ ನರ್ಸಮ್ಮನ ಕಣ್ಣಲ್ಲಿ ನೀರಾಡಿತು. ಹತ್ತನೆಯದಕ್ಕೆ ಸೆಕ್ರೆಟರಿ ಗೋಡೆಯ ಕಡೆ ತಿರುಗಿದ. ಹದಿನೈದಕ್ಕೆ ನರ್ಸಮ್ಮ ಮೂಗೊರೆಸಿಕೊಂಡು, "ಸಾಕು ಮಾಡಿ, ಕರುಳು ಹಿಂಡುತ್ತೆ! ನಿಮ್ಮ ಮನೆಯವರ ನಂಬರ್ ಕೊಡಿ, ನಾನು ಮಾತಾಡ್ತೀನಿ," ಎಂದರು. ಅಜ್ಜಿ ಒಬ್ಬರೇ ಯಂತ್ರದ ಮೇಲೆ ಬೆರಳಿಟ್ಟುಕೊಂಡು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು.

ಸೆಕ್ರೆಟರಿ ಸಂಘದ ಹೆಸರಿನಲ್ಲಿ ಇಪ್ಪತ್ತಮೂರು ರೆಕಾರ್ಡುಗಳ ಪೆಟ್ಟಿಗೆಯನ್ನು ತನ್ನ ಮನೆಗೆ ಒಯ್ದ. ನರ್ಸಮ್ಮ ಪ್ಲೇಯರನ್ನು ಒಯ್ದರು. ಮೇಷ್ಟ್ರು ಕಿಟಕಿಯ ಗಿಡದ ಜೊತೆ ತಲೆ ತಗ್ಗಿಸಿ ಕೂತರು.

ನರ್ಸಮ್ಮನ ಫೋನಿಗೆ ಹೆದರಿ, ಮರುದಿನ ಬರಬೇಕಿದ್ದ ಹೆಂಡತಿ ಅಂದೇ ನಾಲ್ಕು ಗಂಟೆಗೆ ಬಂದಳು. ಗಡಿಬಿಡಿಯಲ್ಲಿ ಆ ಸೂಟ್‌ಕೇಸನ್ನೂ ಎಳೆದುಕೊಂಡೇ ಬಂದಿದ್ದಳು. ಒದರುತ್ತಾಳೆ ಎಂದು ಮೇಷ್ಟ್ರು ಭುಜ ಕುಗ್ಗಿಸಿದರು. ಅವಳು ಒದರಲಿಲ್ಲ. ಕೇಳದೆಯೇ ಕಾಫಿ ಮಾಡಿ, ಪಕ್ಕದಲ್ಲೇ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಳು. ಕಟ್ಟಡ ಕಟ್ಟಿದಾಗಿನಿಂದ ಆ ಸೋಫಾ ಅಂಥದ್ದನ್ನು ಕಂಡಿರಲಿಲ್ಲ.

"ಫೋನಲ್ಲೇ ಗೊತ್ತಾಯ್ತು ನನಗೆ, ದನಿ ಒಡೆದಿತ್ತು," ಎಂದಳು. "ಒಂದು ರಾತ್ರಿಗೆ ಅಕ್ಕನ ಮನೆಗೆ ಹೋದ್ರೆ ಇಷ್ಟೊಂದಾ? ನಿಜ ಹೇಳಿ. ನನಗೋಸ್ಕರ ಅತ್ರಾ?"

ಮೇಷ್ಟ್ರು ಬಾಯಿ ತೆರೆದರು. ಬಾಯಿಗೆ ಅಡ್ಡ ಹಿಡಿಯಲು ರಟ್ಟಿದ್ದರೆ ಸತ್ಯ ಹೇಳಿಬಿಡುತ್ತಿದ್ದರೇನೋ. ಇರಲಿಲ್ಲ. ಹೂಂ ಎಂದು ತಲೆಯಾಡಿಸಿದರು.

ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನಾನೂ ಬಾಯಿ ಬಿಟ್ಟು ಹೇಳಲಿಲ್ವಲ್ರೀ. ಹೋಗಲಿ, ಆ ವಾಷಿಂಗ್ ಮೆಷಿನ್ನೇ ಬೇಡ. ನಿಮ್ಮ ಪೆಟ್ಟಿಗೆ ಅಟ್ಟದಲ್ಲೇ ಇರಲಿ. ಹೋಗಿ, ತಗೊಂಡು ಬನ್ನಿ."

ಮೇಷ್ಟ್ರು ಮೆಟ್ಟಿಲು ಇಳಿಯಲಿಲ್ಲ, ಹಾರಿದರು. ಒಂದು ಸುಳ್ಳಿಗೆ ಹೆಂಡತಿಯೂ ಸಿಕ್ಕಳು, ಪೆಟ್ಟಿಗೆಯೂ ಉಳಿಯಿತು! ಅಷ್ಟು ಸುಖ ಅವರ ಜಾತಕದಲ್ಲಿ ಅಚ್ಚಿನ ತಪ್ಪಿನಿಂದಲೂ ಬಂದಿರಲಿಲ್ಲ.

ಕೆಳಮನೆಯ ಬಾಗಿಲು ತೆರೆದೇ ಇತ್ತು. ಸತ್ತ ಯಜಮಾನರ ಕಾಲದ ಮರದ ಪ್ಲೇಯರಿನ ಮುಂದೆ ಅಜ್ಜಿ ಕಾಲು ಚಾಚಿ ಕೂತಿದ್ದರು. ಮೇಲೆ ತಿರುಗುತ್ತಿದ್ದದ್ದು ಇಪ್ಪತ್ತಮೂರನೆಯ ರೆಕಾರ್ಡು.

"ಬಾ, ಕೂತ್ಕೋ," ಎಂದರು ಅಜ್ಜಿ. "ಬೆಳಿಗ್ಗೆ ನೀನು ಹೇಳಿದ್ದೂ ನಿಜ ಮಗಾ, ಇದು ರೆಕಾರ್ಡೇ. ನಾನು ಹೇಳಿದ್ದೂ ನಿಜ. ಕೇಳು."

ಮೂವತ್ತೆಂಟು. ಮೂವತ್ತೊಂಬತ್ತು. ಮೇಷ್ಟ್ರು ಗರ್ಜನೆಗೆ ಕಾದರು. ಡ್ರಮ್ಮು ನಡುವೆಯೇ ನಿಂತಿತು. ಗಿಟಾರಿನ ತಂತಿ ಕಿತ್ತ ಸದ್ದಾಯಿತು. ಶೆಡ್ಡಿನ ತಗಡಿನ ಬಾಗಿಲು ಕಿರ್ರೆಂದು ತೆರೆದು ಧಡ್ಡೆಂದು ಹಾಕಿಕೊಂಡಿತು. ಆಮೇಲೆ ಒಂಟಿ ದನಿಯೊಂದು, ತಾಳವಿಲ್ಲದೆ, ಬಸ್ಸಿಗಲ್ಲದೆ, ಮೆಲ್ಲಗೆ "ಹೋಗಬೇಡ್ರೋ" ಎಂದಿತು. ಮತ್ತೆ ಬಿಕ್ಕಳಿಕೆ. ಇಪ್ಪತ್ತೆರಡರ ಹುಡುಗನೊಬ್ಬ ಖಾಲಿ ಶೆಡ್ಡಿನಲ್ಲಿ, ಟೈರುಗಳ ನಡುವೆ, ಮೂಗು ಸೊರಗುಟ್ಟಿಸುತ್ತ ಅಳುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ದೂರದಿಂದ ಡ್ರಮ್ಮಿನವನ ಗಂಟಲು: "ಲೋ, ಆ ಟೇಪು ಇನ್ನೂ ಓಡ್ತಾ ಇದೆ ಕಣೋ!"

ಚಿಟ್. ಚಿಟ್.

ಮೇಷ್ಟ್ರಿಗೆ ಆಗ ಎಲ್ಲ ನೆನಪಾಯಿತು. ನೆಲದ ಮೇಲೆ ಕುಸಿದು, ಮೊಣಕಾಲಿಗೆ ಮುಖ ಒತ್ತಿ, ಅದೇ ಶ್ರುತಿಯಲ್ಲಿ, ಅದೇ ಸೊರಗುಟ್ಟುವ ಮೂಗಿನಲ್ಲಿ, ಬಿಟ್ಟಲ್ಲಿಂದ ಮುಂದುವರಿಸಿದರು.

"ಹಾಂ! ಇದೇ! ಇದನ್ನೇ ನಾನು ಹೇಳಿದ್ದು!" ಅಜ್ಜಿ ಗೆದ್ದ ಸಂಭ್ರಮದಲ್ಲಿ ಮೆಟ್ಟಿಲ ಕಡೆ ಮುಖ ಮಾಡಿ ಕೂಗಿದರು. "ನರ್ಸಮ್ಮಾ, ಬನ್ನಿ! ನನ್ನ ಕಿವಿ ಸರಿಯಾಗಿದೆ!"

ನರ್ಸಮ್ಮನಿಗಿಂತ ಮುಂಚೆ ಬಂದವಳು ಹೆಂಡತಿ. ಪೆಟ್ಟಿಗೆ ಭಾರ, ಒಂದು ಕಡೆ ತಾನು ಹಿಡಿಯೋಣ ಎಂದು ಸೆರಗು ಸಿಕ್ಕಿಸಿಕೊಂಡೇ ಇಳಿದಿದ್ದಳು. ಬಾಗಿಲಲ್ಲಿ ನಿಂತು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮುಖದಲ್ಲಿದ್ದ ಮೆದುತನ ಒಂದೊಂದೇ ಅಂಗುಲ ಗಟ್ಟಿಯಾಯಿತು.

"ನಾನು ಮನೆಗೆ ಬಂದು ಒಂದು ಗಂಟೆ ಆಯ್ತು," ಎಂದಳು. "ಈಗ ಯಾರಿಗೋಸ್ಕರ ಅಳ್ತಿದೀರಿ?"

ಮೇಷ್ಟ್ರು ತಲೆ ಎತ್ತಿದರು. ಉತ್ತರವೂ ಇತ್ತು. ಆದರೆ ತೂಕದ ಕಟ್ಟೆಯ ಗುಮಾಸ್ತನಾಗಿಹೋದ ಡ್ರಮ್ಮಿನವನ ಹೆಸರನ್ನು ಅಂಥ ಮುಖದೆದುರು ಹೇಳುವುದಾದರೂ ಹೇಗೆ?

ವಾಷಿಂಗ್ ಮೆಷಿನ್ ಸೋಮವಾರ ಬಂತು. ಹಿಂದೆ ನಾಲ್ಕು ಇಂಚು ಬಿಟ್ಟು ಕೂರಿಸಿದರು. ಪೆಟ್ಟಿಗೆ ಕೆಳಗೇ ಉಳಿಯಿತು. ಕಿವಿ ಸರಿಯಾಗಿದೆಯೋ ಇಲ್ಲವೋ ಎಂದು ಅಜ್ಜಿ ದಿನಾ ಹನ್ನೊಂದಕ್ಕೆ ಕೊನೆಯ ಹಾಡು ಹಾಕಿ ನೋಡಿಕೊಳ್ಳುತ್ತಾರೆ. ರಜೆಯ ದಿನ ಅದು ಮೇಲಿನವರೆಗೂ ಕೇಳುತ್ತದೆ. ಆಗೆಲ್ಲ ಹೆಂಡತಿ ಎದ್ದುಹೋಗಿ, ಬಟ್ಟೆ ಇರಲಿ ಇಲ್ಲದಿರಲಿ, ಮೆಷಿನ್ನಿನ ಗುಂಡಿ ಒತ್ತುತ್ತಾಳೆ.