ಮಾವನ ಒಂದೇ ಫೈಲು

ನನ್ನ ಸೋದರಮಾವ ಬರೆದಷ್ಟು ಉದ್ದದ ಫೈಲನ್ನು ಈ ಭೂಮಿಯ ಮೇಲೆ ಇನ್ನಾರೂ ಬರೆದಿಲ್ಲ. ಬೇಕಾದರೆ ಪಂಥ ಕಟ್ಟಿ!

ಬನಶಂಕರಿಯ ಒಂದು ಕಲ್ಯಾಣ ಮಂಟಪಕ್ಕೆ ಅವನು ಬರೆದುಕೊಟ್ಟ ಪ್ರೋಗ್ರಾಮಿನ ತೆರೆಯ ಮೇಲೆ ಹದಿನಾಲ್ಕು ಟ್ಯಾಬುಗಳು. ಹಾಲ್, ಅಡುಗೆ, ಪಾತ್ರೆ, ಹೂವು, ದಿಂಬು... ಪಾತ್ರೆಯನ್ನು ಒತ್ತಿದರೆ ಒಳಗೆ ಮತ್ತೆ ಆರು ಟ್ಯಾಬು! (ಮಾವ ಮಾತ್ರ ಮದುವೆಯಾಗಲಿಲ್ಲ.) ಇಂಥದ್ದರ ಕೋಡನ್ನು ಬುದ್ಧಿಯಿರುವವರು ಟ್ಯಾಬಿಗೊಂದು ಫೈಲಿನಂತೆ ಬೇರೆಬೇರೆ ಇಡುತ್ತಾರೆ. ಮಾವ ಎಲ್ಲವನ್ನೂ ಒಂದೇ ಫೈಲಿಗೆ ತುಂಬಿದ್ದ.

"ಬೇರೆ ಮಾಡು ಮಾವ," ಎಂದೆ. ನಾನೂ ಅದೇ ಕೆಲಸದವಳು.

"ಯಾಕೆ? ಜಗಳ ಆಡಿದಾವಾ?"

"ಹುಡುಕೋದು ಹೇಗೆ?"

"ಬಸ್ಸಲ್ಲಿ ಹೋದ ಹಾಗೆ ಸ್ಕ್ರೋಲ್ ಮಾಡ್ತಾ ಹೋಗು. ತ್ಯಾಗರಾಜನಗರ ಬಂದ್ರೆ ಅಡುಗೆ. ಜಯನಗರ ದಾಟಿದ್ರೆ ಪಾತ್ರೆ. ಬಿಟಿಎಂ ಬಂತು ಅಂದ್ರೆ ಜಾಸ್ತಿ ಹೋದೆ, ವಾಪಸ್ ಬಾ."

ಎಲ್ಲ ಟ್ಯಾಬುಗಳಿಗೂ ಸೇರಿ 'ಸಂಖ್ಯೆ' ಎಂಬ ಒಂದೇ ಡಬ್ಬಿ ಇಟ್ಟಿದ್ದ. ಊಟದ ಎಲೆಗೆಂದು ಬರೆದ ಅಂಕಿ ದಿಂಬಿಗೂ ಹೋಗಿ, ಒಂದು ಮದುವೆಗೆ ಎಂಟುನೂರು ದಿಂಬು ಬಂದವು. "ಊಟ ಆದ್ಮೇಲೆ ಎಲ್ರಿಗೂ ನಿದ್ದೆ ಬರಲ್ವಾ?" ಎಂದ ಮಾವ. ಹಾಗೆಂದು ನನ್ನ ನೆನಪು. ಅಮ್ಮನ ಪ್ರಕಾರ ಅದು ದಿಂಬಲ್ಲ, ಚಾಪೆ; ಮಾತೂ ಅಡುಗೆಯವರದಂತೆ. ಇಷ್ಟು ಅಚ್ಚುಕಟ್ಟಾದ ನೆನಪನ್ನು ನಾನೂ ನಂಬುವುದಿಲ್ಲ. ಆದರೆ ದಿಂಬನ್ನು ಬಿಟ್ಟುಕೊಡಲಾರೆ!

ಆಮೇಲೆ ಮಾವನ ಕಣ್ಣಿನ ನರ ಸೋಲತೊಡಗಿತು. ಡಾಕ್ಟರು ಹನಿ ಕೊಟ್ಟರು, ಭರವಸೆ ಕೊಡಲಿಲ್ಲ. ಗಿರಿನಗರದ ಅವನ ಬಾಡಿಗೆ ಮನೆಯಲ್ಲಿ ಒಂದು ದಿನ ಮೂಗನ್ನು ತೆರೆಗೆ ಒತ್ತಿ, "ಜಯನಗರ ಕಾಣ್ತಿಲ್ಲ ಕಣೇ," ಎಂದ. ನಾನು ನಕ್ಕೆ. ನಗಬಾರದಿತ್ತು.

"ಈ ಕೆಲಸಾನೂ ಹೋದ್ರೆ ನಾನೇನ್ ಮಾಡ್ಲಿ?"

ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಹಾಕಿಕೊಟ್ಟೆ. ಅಷ್ಟುದ್ದದ ಫೈಲಿನಲ್ಲಿ ಕಿವಿಗೆ ದಾರಿ ಸಿಗುವುದಿಲ್ಲವೆಂದು, ಭಾನುವಾರಗಳೆಲ್ಲ ಕೂತು ಟ್ಯಾಬಿಗೊಂದರಂತೆ ಕೋಡನ್ನು ಬೇರೆ ಮಾಡಿದೆ. "ಪಾಲು ಮಾಡ್ಬಿಟ್ಯಲ್ಲೇ!" ಎಂದು ಗೊಣಗಿದ, ಆದರೆ ಕಲಿತ. ಬರೀ ಕಿವಿಯಿಂದ ಹೂವಿನ ಫೈಲಿನಲ್ಲಿ ತಪ್ಪೊಂದನ್ನು ಹಿಡಿದ. ತಪ್ಪು ನನ್ನದು!

ಕಳೆದ ವಾರ ಹೋದರೆ ಅಷ್ಟೂ ಕೋಡು ಮತ್ತೆ ಒಂದೇ ಫೈಲು. ನನಗೆ ಮೈಯೆಲ್ಲ ಉರಿಯಿತು.

"ಎಷ್ಟು ಭಾನುವಾರ ಕೂತಿದ್ದೆ ಗೊತ್ತಾ ಮಾವ?"

"ಕೆಲಸಕ್ಕೆ ನಿಂದೇ ಇಟ್ಕೊಂಡಿದೀನಿ, ಬೈಬೇಡ. ಇದು ಬೇರೆ ಕಾಪಿ."

"ಯಾಕೆ?"

ಅವನು ಗೋಡೆಯ ಕಡೆ ತಿರುಗಿಕೊಂಡ. ನಾನು ಅಲ್ಲಿದ್ದೇನೆ ಅಂದುಕೊಂಡಿರಬೇಕು.

"ಬೇರೆಬೇರೆ ಇದ್ರೆ, ಒಂದೊಂದು ಫೈಲು ಮುಗಿದಾಗಲೂ ಆ ಓದೋ ದನಿ ಸುಮ್ಮನಾಗ್ಬಿಡತ್ತೆ ಕಣೇ. ಇದು ಹಾಕಿದ್ರೆ ಸಂಜೆವರೆಗೂ ಮಾತಾಡ್ತಾನೇ ಇರತ್ತೆ."

ಯಂತ್ರ ಪಾತ್ರೆಯ ಕೋಡಿನ ನಡುವೆ ಎಲ್ಲೋ ಇತ್ತು. ಒಂದೇ ದನಿಯಲ್ಲಿ ಓದುತ್ತಿತ್ತು.

"ಅದನ್ನ ನಿಲ್ಲಿಸು ಮಾವ," ಎಂದು ಕುರ್ಚಿ ಎಳೆದುಕೊಂಡೆ. "ಇವತ್ತು ನಾನು ಓದ್ತೀನಿ."