ಮೂರು ದಿನ ಗುಂಯ್‌ಗುಡದ ಪಂಪು

ಅಂದು ಬೆಳಿಗ್ಗೆಯೂ ಎಲ್ಲ ದಿನದಂತೆಯೇ ಶುರುವಾಯಿತು. ಐದಕ್ಕೆ ಎದ್ದೆ, ಬಾಗಿಲಿಗೆ ನೀರು ಹಾಕಿದೆ, ರಂಗೋಲಿಯ ಎರಡನೆಯ ಎಳೆ ಎಂದಿನಂತೆ ಸೊಟ್ಟಗಾಯಿತು. ಹಾಲು ಉಕ್ಕುವ ಮೊದಲೇ ಇಳಿಸಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಬಚ್ಚಲಿನಿಂದ ಅತ್ತೆಯ ದನಿ ಬಂತು. “ಏನವಾ, ಇದು ಜಳಕದ ನೀರೋ, ಕುಡಿಯೋ ನೀರೋ?”

ದಸರೆಗೆಂದು ಬಸವಕಲ್ಯಾಣದಿಂದ ನಮ್ಮ ಹುಮನಾಬಾದಿನ ಮನೆಗೆ ಬಂದಿದ್ದ ಅತ್ತೆ, ಸ್ನಾನ ಮತ್ತು ಲಿಂಗಪೂಜೆ ಮುಗಿಯದೆ ಚಹದ ಲೋಟ ಮುಟ್ಟುವವರಲ್ಲ. ತಣ್ಣೀರಿನ ಸ್ನಾನ ಇದು ಎರಡನೆಯ ದಿನ. ನಡುಗುತ್ತಲೇ ತೀರ್ಪು ಕೊಟ್ಟರು. “ಹಂಡೇದ ಒಲಿ ಕೆಡವಬ್ಯಾಡ ಅಂತ ಬಡಕೊಂಡೆ. ನಾಳಿ ಮುಂಜಾನಿ ನೀರು ಸುಡಲಿಲ್ಲಂದ್ರ ಗೌಂಡಿನ್ನ ಕರೆಸಿ ಅಲ್ಲೇ ಒಲಿ ಕಟ್ಟಸ್ತೀನಿ ನೋಡು.”

ಹದಿನೈದು ವರ್ಷ ಆ ಒಲೆಗೆ ತೊಗರಿಕಟ್ಟಿಗೆ ತುರುಕಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವಳು ನಾನು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಗಂಡನಿಗೆ ದುಂಬಾಲು ಬಿದ್ದು, ಓಣಿಗೆಲ್ಲ ಮೊದಲ ಸೋಲಾರ್ ಹಾಕಿಸಿ, ಅದೇ ವಾರ ಒಲೆ ಕೆಡವಿಸಿದ್ದೆ. ಈಗ ಅದನ್ನು ಮತ್ತೆ ಕಟ್ಟಿಸುವುದೇ? ನನ್ನ ಜೀವವಿರುವವರೆಗೆ ಇಲ್ಲ!

ಆದರೆ ನಮ್ಮ ಸೋಲಾರೂ ಸರಳ ಜಾತಿಯದಲ್ಲ. ಬಿಸಿನೀರಿನ ಟ್ಯಾಂಕಿಯ ಭಾರವನ್ನು ನಮ್ಮ ಹಳೆಯ ಮಣ್ಣಿನ ಮಾಳಿಗೆ ತಾಳುವುದಿಲ್ಲವೆಂದು ಟ್ಯಾಂಕಿಯನ್ನು ಕೆಳಗೆ ಬಚ್ಚಲಿನ ಪಕ್ಕ ಕೂಡಿಸಿ, ಗಾಜಿನ ಹಲಗೆಗಳನ್ನು ಮಾತ್ರ ಮೇಲಿಟ್ಟಿದ್ದಾರೆ. ಬಿಸಿನೀರಿಗೆ ಮೇಲೇರುವುದು ಗೊತ್ತೇ ಹೊರತು ಇಳಿಯುವುದು ಗೊತ್ತಿಲ್ಲ. ಅದಕ್ಕೇ ಒಂದು ಪುಟ್ಟ ಪಂಪು. ಅದು ಟ್ಯಾಂಕಿಯ ತಣ್ಣೀರನ್ನು ಮೇಲಕ್ಕೆ ತಳ್ಳಿ, ಗಾಜಿನಡಿ ಕಾದ ನೀರನ್ನು ಕೆಳಗೆ ತರುತ್ತದೆ. ಯಾವಾಗ ತಳ್ಳಬೇಕೆಂದು ಹೇಳುವುದು ಥರ್ಮೋಸ್ಟಾಟು. ಅದರ ಒಂದು ತಂತಿ ಗಾಜಿನ ಹತ್ತಿರ, ಇನ್ನೊಂದು ಟ್ಯಾಂಕಿಯಲ್ಲಿ. ಮೇಲಿನದು ಕೆಳಗಿನದಕ್ಕಿಂತ ಬಿಸಿಯಾದರೆ ಪಂಪು ಶುರು, ಎರಡೂ ಸಮನಾದರೆ ಬಂದ್. ಇಬ್ಬರು ಸೊಸೆಯರನ್ನು ತೂಗಿ ನೋಡುವ ನೆಂಟರಂತೆ, ಹೋಲಿಸುವುದೊಂದೇ ಅದರ ಉದ್ಯೋಗ.

ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಅಡುಗೆಮನೆಯ ಗೋಡೆಯಾಚೆ ದಿನಾ ಒಂಬತ್ತೂವರೆಗೆ, ನಾನು ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ, ಪಂಪು ಗುಂಯ್‌ಗುಡುವುದನ್ನು ಕೇಳಿ ಕೇಳಿ ತಿಳಿದುಕೊಂಡೆ. ಮೂರು ದಿನದಿಂದ ಆ ಸದ್ದಿಲ್ಲ. ವಿಜ್ಞಾನದ ಮಾಸ್ತರರಾದ ಗಂಡನಿಗೆ ಹೇಳಿದರೆ “ನೋಡೋಣು” ಎಂದು ಸೈಕಲ್ ಹತ್ತಿದರು. ಶಾಲೆಯಲ್ಲಿ ಮಕ್ಕಳಿಗೆ ಉಷ್ಣದ ಪಾಠ ಮಾಡುವವರ ತಾಯಿ ಮನೆಯಲ್ಲಿ ಗಡಗಡ ನಡುಗಬೇಕೆ?

ಸಂಜೆ ಐದು ಗಂಟೆಗೆ ಗಂಡನೂ ನಾನು ಹೇಳಿಕಳಿಸಿದ್ದ ಸೋಲಾರ್ ಮೆಕ್ಯಾನಿಕ್ಕನೂ ಒಟ್ಟಿಗೇ ಬಂದರು. “ಥರ್ಮೋಸ್ಟಾಟ್ ಕೆಟ್ಟದ. ಪಂಪು ಮೂರು ದಿನದಿಂದ ಶುರುನೇ ಆಗಿಲ್ಲ,” ಎಂದೆ. ಆತ ನನ್ನ ಗಂಡನ ಕಡೆ ತಿರುಗಿ, “ಏನಾಗ್ಯದ್ರಿ ಸರ?” ಎಂದ. ಹೇಳಿದವಳು ನಾನು, ಕೇಳಿದ್ದು ಅವರನ್ನು! ಕಲಬುರಗಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಇಂಗ್ಲಿಷಿನ ಜೊತೆಗೆ ದನಿ ಏರಿಸದಿರುವುದನ್ನೂ ಕಲಿಸಿಬಿಟ್ಟಿದ್ದಾರೆ. ಹಾಗಾಗಿ ನನ್ನ ಸಿಟ್ಟೆಲ್ಲ ಅವನಿಗೆ ಕೊಟ್ಟ ಚಹದ ಶುಂಠಿಗೆ ಹೋಯಿತು.

ಆ ಚಹವನ್ನೂ ಆತ ಕುಡಿಯಲಿಲ್ಲ. ಲೋಟ ಹಿಡಿದು ಮಾಳಿಗೆ ಹತ್ತಿದ, ಗಾಜಿನ ಹತ್ತಿರದ ತಂತಿ ಬಿಚ್ಚಿ ಚಹದಲ್ಲಿ ಅದ್ದಿದ. ಕೆಳಗೆ ಪಂಪು ಗುಂಯ್ ಎಂದಿತು! “ಪಂಪ್ ಬಿ ಚಲೋ ಅದ, ಥರ್ಮೋಸ್ಟಾಟ್ ಬಿ ಚಲೋ ಅದರಿ ಸರ,” ಎಂದು ಮೇಲಿಂದ ಕೂಗಿದ. “ಬಿಸಿಲೇ ಕಮ್ಮಿ ಬಿದ್ದಿರಬೇಕು.”

ಬಿಸಿಲು ಕಮ್ಮಿ! ಹುಮನಾಬಾದಿನಲ್ಲಿ! ಈ ಊರಲ್ಲಿ ನಲ್ಲಿಯ ನೀರು ಕಮ್ಮಿಯಾದೀತು, ಕರೆಂಟು ಕಮ್ಮಿಯಾದೀತು. ಬಿಸಿಲು ಕಮ್ಮಿಯಾಯಿತೆಂದು ಹೇಳಿದವನನ್ನು ನಾನು ಕಂಡದ್ದು ಅಂದೇ. ಗಂಡ ತಲೆಯಾಡಿಸಿ “ಇರಬಹುದು” ಎಂದರು. ಅತ್ತೆ ಆಗಲೇ ಗೌಂಡಿಗೆ ಹೇಳಿಕಳಿಸಿಯಾಗಿತ್ತು.

ಹೊತ್ತು ಮುಳುಗುವಾಗ ಅಂಗಳದಲ್ಲಿ ನಿಂತು ಎಲ್ಲರನ್ನೂ ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ನಮ್ಮ ಮಾಳಿಗೆಗೆ ಅಂಟಿಕೊಂಡ ತನ್ನ ಮಾಳಿಗೆಯಿಂದ ಪಕ್ಕದ ಮನೆಯ ಕಸ್ತೂರಬಾಯಿ ಬಗ್ಗಿದಳು. ಕಂಕುಳಲ್ಲಿ, ಹಳೆಯ ಸೀರೆ ಹೊಲಿದು ಮಾಡಿದ ದಪ್ಪ ಕೌದಿಗಳ ಮಡಿಚಿದ ರಾಶಿ.

“ವೈನಿ, ನಿಮ್ಮ ಸೋಲಾರ್ ಭಾರಿ ಚಲೋ ಅದ ನೋಡ್ರಿ! ದಸರಾಕ್ಕ ತೊಳೆದ ಕೌದಿ ಮೂರು ದಿನದಾಗ ಎಲ್ಲಾ ಒಣಗಿದ್ವು. ಮುಂಜಾನಿ ಗಾಜಿನ ಮ್ಯಾಲ ಹೊಚ್ಚಿದ್ರ, ನಾಕಕ್ಕ ಗರಿಗರಿ!”

ಹಾಗಾದರೆ ಮೂರು ದಿನ ನಮ್ಮ ಗಾಜಿಗೆ ಬಿಸಿಲು ತಾಗಿರಲೇ ಇಲ್ಲ! ನಾನು ಆ ಕೌದಿಗಳನ್ನು ಒಂದೊಂದಾಗಿ ಎಣಿಸಿದೆ.

“ನೀವೇ ಅಂದಿದ್ರಲ್ಲ, ನಮ್ಮ ಮಾಳಿಗಿ ನಿಮ್ಮದೇ ಅಂತ ತಿಳೀರಿ ಅಂತ. ಏನರೆ ತ್ರಾಸ ಆತೇನ್ರಿ?”

ಅಂದದ್ದು ನಿಜ. ಬೆಳಗಿನಿಂದ ಕೂಡಿಟ್ಟ ಬೈಗುಳವನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಬಾಯಿ ತೆರೆದೆ. ಹೊರಬಂದದ್ದು ಇಷ್ಟೇ: “ಛೆ ಛೆ, ಅದಕ್ಕೇನ್ರಿ!”

“ಹಂಗಾದ್ರ ನಾಳಿ ಗಾದಿನೂ ಹಾಕ್ತೀನ್ರಿ ವೈನಿ,” ಎಂದು ಕಸ್ತೂರಬಾಯಿ ಒಳಗೆ ಹೋದಳು.